ಇತರೆ

ನನ್ನ ದಫ್ತರದಲ್ಲಿ ಆರು ಕಾಲಂ.
ತಾರೀಖು, ಯೂನಿಟ್ಟು, ಧೂಳು, ತೊಳೆದ ಸಾಲು, ಒಡೆದ ಗಾಜು.
ಕೊನೆಗೊಂದು, ಕಿರುಬೆರಳಷ್ಟೇ ಅಗಲ:
ಇತರೆ.

ಕ್ವಿಂಗೈ ಎತ್ತರದ ಈ ಬಯಲಿಗೆ ನಾನು ಬಂದ ವರ್ಷ
ಅದರಲ್ಲಿ ಬರೆಯಲು ಏನೂ ಇರಲಿಲ್ಲ.
ಮರಳು. ಮರುದಿನವೂ ಮರಳು.
ಅನ್ನದಲ್ಲಿ ಮರಳು, ದಿಂಬಿನಲ್ಲಿ ಮರಳು,
ಲಾನ್‌ಝೌನ ಅಕ್ಕನಿಗೆ ಬರೆದ ಕಾಗದದ
ಮಡಿಕೆಯೊಳಗೂ ಕರಕರ.
ಲಾರಿ ಮೇಲೆ ಲಾರಿ ಬಂತು. ಕಂಬ ನೆಟ್ಟರು.
ನೀಲಿ ಹಲಗೆಗಳು ಕಣ್ಣು ಹಾಯುವವರೆಗೆ
ಪಂಕ್ತಿ ಹಿಡಿದು ಊಟಕ್ಕೆ ಕೂತವು,
ಬಡಿಸುವವನು ಒಬ್ಬನೇ.

ವಾರಕ್ಕೊಮ್ಮೆ ತೊಳೆಯುತ್ತೇವೆ.
ತೊಳೆದ ನೀರು ಅಂಚಿನಿಂದ ಜಾರಿ
ನೆರಳಿಗೆ ಬೀಳುತ್ತದೆ. ನೆರಳು
ಬಿಸಿಲಿಗೆ ಚಾಡಿ ಹೇಳುವುದಿಲ್ಲ.

ಎರಡನೆಯ ಜೂನ್. ಹದಿನೇಳನೇ ಸಾಲಿನ ಕೆಳಗೆ
ನಾಲ್ಕು ಎಳೆ.
ಮಂಡಿಯೂರಿ ಎಣಿಸಿದೆ, ಇನ್ನೊಮ್ಮೆ ಎಣಿಸಿ ಬರೆದೆ:
ಇತರೆ, ಹುಲ್ಲು, ನಾಲ್ಕು.
ಮೇಲಿನವರು ಓದಿ ಬೈದರು, ತಮಾಷೆಯೇನಯ್ಯಾ?
ಮೂರನೆಯ ಜೂನಿಗೆ ತಮಾಷೆ ಮೊಣಕಾಲು ಮುಟ್ಟಿತು.
ನಾಲ್ಕನೆಯದಕ್ಕೆ ಹಲಗೆಯ ಅಂಚು ದಾಟಿ
ಗಾಜಿನ ಮೇಲೆ ತನ್ನ ನೆರಳು ಚೆಲ್ಲಿ
ಯೂನಿಟ್ಟು ಕದಿಯತೊಡಗಿತು.

ಇಂಜಿನಿಯರ್ ಕೌ ತಲೆ ಮೇಲೆ ಕೈ ಹೊತ್ತು
ಯಂತ್ರ ತರಿಸಿದ. ಯಂತ್ರದ ಹಲ್ಲಿಗೆ ಕಲ್ಲು ಸಿಡಿದು
ಒಂದೇ ದಿನ ಹನ್ನೊಂದು ಗಾಜು.
ಅದಕ್ಕೆ ಕಾಲಂ ಇತ್ತು. ತುಂಬಿದೆ.

ಬೇಲಿಯಾಚೆ ನಿಂತು ನೋಡುತ್ತಿದ್ದಳು ಡ್ರುಗ್ಮೊ,
ಕುರಿದೊಗಲಿನ ನಿಲುವಂಗಿ,
ಒಂದು ತೋಳು ತೊಟ್ಟು ಒಂದು ಜೋತುಬಿಟ್ಟು.
ಬಯಲು ಮರಳಾಗುವ ಮೊದಲು
ಅವಳ ಅಜ್ಜಿಯ ಮಂದೆ ಇಲ್ಲೇ ಮೇಯುತ್ತಿತ್ತಂತೆ.
ಹುಲ್ಲು ಹೋದ ಮೇಲೆ ಕುರಿ ಮಾರಿ,
ಉಳಿದ ಎಂಟನ್ನು ತಮ್ಮನಿಗೆ ಒಪ್ಪಿಸಿ,
ಪೇಟೆಯ ಹೋಟೆಲಿನಲ್ಲಿ ಒಂಬತ್ತು ವರ್ಷ
ತಟ್ಟೆ ತೊಳೆದವಳು. ಅಂದದ್ದು ಇಷ್ಟೇ:
"ಹುಲ್ಲು ಕತ್ತರಿಸೋ ಯಂತ್ರ ನಿಮ್ಮ ಹತ್ರ ಇದೆ.
ತಿನ್ನೋ ಯಂತ್ರ ನನ್ನ ತಮ್ಮನ ಹತ್ರ ಎಂಟಿವೆ."

ಕೌ ನಕ್ಕ.
ರಾತ್ರಿ ಕೂತು ಲೆಕ್ಕ ಹಾಕಿದ.
ಬೆಳಿಗ್ಗೆ ನಗಲಿಲ್ಲ.

ಈಗ ಆರುನೂರು ಕುರಿ.
ಆಡಿಗೆ ಮಾತ್ರ ಪ್ರವೇಶವಿಲ್ಲ,
ಒಂದು ಆಡು ಹಲಗೆಯೇರಿ ನಿಂತು
ಇಡೀ ಸ್ಥಾವರವನ್ನು
ತನ್ನ ಸ್ವಂತ ಆಸ್ತಿಯ ಹಾಗೆ ನೋಡಿದ ದಿನದಿಂದ.
ಹೊಸ ಸಾಲಿನ ಕಂಬಗಳು ಒಂದು ಮೊಳ ಎತ್ತರ.
ಬೆನ್ನು ತಗಲಬಾರದು, ಕುರಿಗೂ ಗಾಜಿಗೂ.

ಒಂದು ಮಧ್ಯಾಹ್ನ ಚಹಾಕ್ಕೆ ಬೆಣ್ಣೆ ಕಲಸುತ್ತ ಕೇಳಿದಳು,
"ಈ ಕರೆಂಟು ಎಲ್ಲಿಗೆ ಹೋಗುತ್ತೆ?"
ಪೂರ್ವಕ್ಕೆ, ಸಾವಿರ ಮೈಲಿಯಾಚೆ,
ಯಾರನ್ನೋ ಲಿಫ್ಟಿನಲ್ಲಿ ಮೂವತ್ತನೇ ಮಹಡಿಗೆ ಎತ್ತಲು, ಎಂದೆ.
ತುಸು ಹೊತ್ತು ತಂತಿಯನ್ನೇ ನೋಡಿದಳು.
"ಅವರು ಏರಲಿ. ನೀನು ತೊಳೆದ ನೀರು ನನಗೆ."
ಎದ್ದು ಹಿಕ್ಕೆ ಆಯತೊಡಗಿದಳು.
ಅವಳ ಒಲೆ ಉರಿಯುವುದು ಇನ್ನೂ ಅದರಿಂದಲೇ.

ಎಲ್ಲ ಒಳ್ಳೆಯದಾಯಿತು ಎಂದು ಬರೆದರೆ ಸುಳ್ಳಾದೀತು.
ಸಂಜೆ ಆರಕ್ಕೆ ಗೇಟು ಮುಚ್ಚುತ್ತದೆ.
ಅಜ್ಜಿಯ ಬಯಲಿಗೆ ಕಾಲಿಡಲು ಅವಳು
ಕೊರಳಲ್ಲಿ ಫೋಟೋ ಇರುವ ಕಾರ್ಡು ನೇತುಹಾಕಿಕೊಳ್ಳಬೇಕು.
ಅದರ ಹಿಂಬದಿಗೆ ಉಗುರಿನಿಂದ
ಗೆರೆ ಕೊರೆಯುತ್ತಾಳೆ, ಮರಿಗೊಂದು ಗೆರೆ.

ಕಿರುಬೆರಳ ಕಾಲಂ ಸಾಲದೆ
ದಫ್ತರಕ್ಕೆ ಬೇರೆ ಕಾಗದ ಅಂಟಿಸಿಕೊಂಡಿದ್ದೇನೆ.
ಬಾನಾಡಿ, ಜೋಡಿ. ನರಿಯ ಹೆಜ್ಜೆ.
ಗಾಳಿ ಬಂದರೂ ಏಳದ ಮಣ್ಣು.
ಹೋಟೆಲು ಬಿಟ್ಟು ಬಂದ ಇನ್ನಿಬ್ಬರು ಹೆಂಗಸರು.
ಕೌ ಓದುತ್ತಾನೆ, ಬೈಯುವುದಿಲ್ಲ.
ಯಾವುದರ ಬೆಲೆ ಎಷ್ಟೆಂದು ಪೆನ್ಸಿಲಿನಿಂದ ಗುರುತಿಸಹೋಗಿ
ಬಾನಾಡಿಯ ಹತ್ತಿರ ನಿಂತುಬಿಡುತ್ತಾನೆ.

ಇವತ್ತು ಮೋಡ. ಯೂನಿಟ್ಟು ಅರ್ಧಕ್ಕರ್ಧ ಇಳಿದಿದೆ.
ನಲವತ್ತೊಂದನೇ ಸಾಲಿನಿಂದ ಡ್ರುಗ್ಮೊ ಕೂಗುತ್ತಿದ್ದಾಳೆ,
ಎರಡಂತೆ, ಎರಡು!
ಒಂದಿನ್ನೂ ಎದ್ದು ನಿಂತಿಲ್ಲವಂತೆ.
ಪೆನ್ನು ಕಿಸೆಗಿಟ್ಟು ಓಡುತ್ತೇನೆ.
ಆಮೇಲೆ ಬರೆದರಾಯಿತು.